‘ಮನಃಪೂರ್ವಕವಾಗಿ’: ವ್ಯವಹಾರ ಪತ್ರದಲ್ಲಿ ಒಂದು ಪದದ ಅರ್ಥ, ಬಳಕೆ ಮತ್ತು ಹೊಣೆ

ವ್ಯಾಪಾರಸ್ಥರು ಹಾಗೂ ಉದ್ದಿಮೆದಾರರು ದಿನನಿತ್ಯ ಬರೆಯುವ ಪತ್ರಗಳಲ್ಲಿ ಪದೇ ಪದೇ ಬರುವ, ಆದರೆ ಬರೆಯುವವರಾಗಲಿ ಓದುವವರಾಗಲಿ ನಿಂತು ವಿಚಾರಿಸದ ಪದಗಳಲ್ಲಿ ‘ಮನಃಪೂರ್ವಕವಾಗಿ’ ಎಂಬುದು ಒಂದು. ‘ತಮ್ಮ ಬಾಕಿಯನ್ನು ಮನಃಪೂರ್ವಕವಾಗಿ ತೀರಿಸುತ್ತೇವೆ’, ‘ಮಾಲು ಪೂರೈಸಲು ಮನಃಪೂರ್ವಕವಾಗಿ ಪ್ರಯತ್ನಿಸುತ್ತೇವೆ’, ‘ತಮ್ಮ ಷರತ್ತುಗಳಿಗೆ ಮನಃಪೂರ್ವಕವಾಗಿ ಒಪ್ಪಿದ್ದೇವೆ’ ಎಂಬ ವಾಕ್ಯಗಳು ಬೈಲಹೊಂಗಲದ ಅಡತಿ ಅಂಗಡಿಯಿಂದ ಹಿಡಿದು ರಾಮದುರ್ಗದ ನೇಕಾರರ ಮನೆಯವರೆಗೆ ಎಲ್ಲರಿಗೂ ಪರಿಚಿತವಾದವು. ಈ ಪದವನ್ನು ಓದಿದವನಿಗೆ ಸಮಾಧಾನವಾಗುತ್ತದೆ. ಬರೆದವನಿಗೆ ಸೌಜನ್ಯ ತೋರಿದ ತೃಪ್ತಿ ಸಿಗುತ್ತದೆ. ಆದರೆ ವ್ಯವಹಾರ ಕೆಟ್ಟು ಪತ್ರವು ವಕೀಲರ ಮೇಜಿಗೆ ಬಂದಾಗ ಈ ಪದಕ್ಕೆ ಎಷ್ಟು ಬೆಲೆ, ಇದೇ ಸಾಲಿನ ಬೇರೆ ಪದಗಳಿಗೆ ಎಷ್ಟು ಬೆಲೆ ಎಂಬುದು ತಿಳಿದಿರುವುದು ಹಿತಕರ. ಆ ದೃಷ್ಟಿಯಿಂದ ಇಲ್ಲಿ ಪದದ ರಚನೆ, ಬಳಕೆ ಮತ್ತು ಕಾನೂನಿನ ಪರಿಣಾಮಗಳನ್ನು ಕ್ರಮವಾಗಿ ವಿವರಿಸಲಾಗಿದೆ.

ಪದದ ರಚನೆ

‘ಮನಃಪೂರ್ವಕವಾಗಿ’ ಎಂಬುದರಲ್ಲಿ ಮೂರು ಭಾಗಗಳಿವೆ. ‘ಮನಸ್’ ಎಂಬುದು ಸಂಸ್ಕೃತದ ನಾಮಪದ. ‘ಪೂರ್ವಕ’ ಎಂದರೆ ಯಾವುದು ಮೊದಲಿರುವುದೋ ಅದರೊಡನೆ ಕೂಡಿದುದು. ‘ಆಗಿ’ ಎಂಬುದು ಕನ್ನಡದ ‘ಆಗು’ ಧಾತುವಿನಿಂದ ಬಂದು, ಹಿಂದಿನ ಪದವನ್ನು ಕ್ರಿಯಾವಿಶೇಷಣವನ್ನಾಗಿ ಮಾಡುತ್ತದೆ. ಎಂದರೆ, ಕೈ ಕೆಲಸ ಮಾಡುವುದಕ್ಕೆ ಮೊದಲು ಮನಸ್ಸು ಆ ಕೆಲಸಕ್ಕೆ ಒಪ್ಪಿರಬೇಕು ಎಂಬುದು ಈ ಪದದ ಮೂಲಾರ್ಥ. ಮನಸ್ಸು ಮುಂದೆ, ಕ್ರಿಯೆ ಹಿಂದೆ.

ವಿಸರ್ಗದ ಮುಂದೆ ‘ಪ’ ಬಂದಾಗ ವಿಸರ್ಗವು ಹಾಗೆಯೇ ಉಳಿಯುತ್ತದೆ; ‘ಅಂತಃಪುರ’ ಎಂಬಲ್ಲಿಯೂ ಇದೇ ಕ್ರಮ. ಆದುದರಿಂದ ‘ಮನಪೂರ್ವಕ’, ‘ಮನಸ್ಪೂರ್ವಕ’ ಎಂಬ ರೂಪಗಳು ಶುದ್ಧವಲ್ಲ. ‘ಮನಸ್ಫೂರ್ತಿಯಾಗಿ’ ಎಂದು ಬರೆಯುವ ರೂಢಿಯೂ ಕೆಲವೆಡೆ ಇದೆ. ಸ್ಫೂರ್ತಿ ಎಂದರೆ ಪ್ರೇರಣೆ. ಅದು ಬೇರೆಯೇ ಪದ. ಮುದ್ರಿತ ಪತ್ರಶೀರ್ಷಿಕೆಯ ಕೆಳಗೆ ಇಂತಹ ತಪ್ಪು ರೂಪಗಳು ಕಾಣದಂತೆ ಎಚ್ಚರ ವಹಿಸುವುದು ಒಳ್ಳೆಯದು.

ಅಚ್ಚಗನ್ನಡದಲ್ಲಿ ಇದಕ್ಕೆ ಹತ್ತಿರವಾದ ಪದ ‘ಮನಸಾರೆ’. ಕಣ್ಣಾರೆ, ಕೈಯಾರೆ, ಕಿವಿಯಾರೆ ಎಂಬಲ್ಲಿ ಇರುವ ‘ಆರೆ’ ಎಂಬುದೇ ಇಲ್ಲಿಯೂ ಇದೆ. ತುಂಬುವಂತೆ, ತಣಿಯುವಂತೆ ಎಂದು ಅದರ ಅರ್ಥ. ಮನಸಾರೆ ಎಂಬುದು ಮನಸ್ಸು ತುಂಬಿದುದನ್ನು ಹೇಳುತ್ತದೆ. ಮನಃಪೂರ್ವಕವಾಗಿ ಎಂಬುದು ಮನಸ್ಸು ಒಪ್ಪಿದುದನ್ನು ಹೇಳುತ್ತದೆ. ಅತಿಥಿಯನ್ನು ಮನಸಾರೆ ಹರಸಬಹುದು. ಕರಾರಿಗೆ ಮನಃಪೂರ್ವಕವಾಗಿ ಒಪ್ಪಬೇಕು.

ವಾಕ್ಯದಲ್ಲಿ ಸ್ಥಾನ

ಕ್ರಿಯಾವಿಶೇಷಣವು ತಾನು ಯಾವ ಕ್ರಿಯೆಗೆ ಸೇರಿದೆಯೋ ಆ ಕ್ರಿಯಾಪದದ ಹತ್ತಿರ ಇರಬೇಕು. ‘ಮನಃಪೂರ್ವಕವಾಗಿ ತಾವು ಒಪ್ಪಿದ ದರವನ್ನು ಕೊಡುತ್ತೇವೆ’ ಎಂಬ ವಾಕ್ಯದಲ್ಲಿ ಮನಃಪೂರ್ವಕತೆ ಯಾರದು? ಒಪ್ಪಿದವರದೋ, ಕೊಡುವವರದೋ? ‘ತಾವು ಒಪ್ಪಿದ ದರವನ್ನು ಮನಃಪೂರ್ವಕವಾಗಿ ಕೊಡುತ್ತೇವೆ’ ಎಂದು ಬರೆದರೆ ಸಂಶಯಕ್ಕೆ ಎಡೆಯಿಲ್ಲ.

ನಿಷೇಧ ವಾಕ್ಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸರಕು ತಡವಾದಾಗ ಕೆಲವರು ‘ಮನಃಪೂರ್ವಕವಾಗಿ ವಿಳಂಬ ಮಾಡಿರುವುದಿಲ್ಲ’ ಎಂದು ಬರೆಯುತ್ತಾರೆ. ಹೇಳಬೇಕಾದುದು ‘ಉದ್ದೇಶಪೂರ್ವಕವಾಗಿ’ ಎಂದು. ಮನಃಪೂರ್ವಕವಾಗಿ ಎಂಬುದು ಒಳ್ಳೆಯ ಕೆಲಸಕ್ಕೆ ಸಲ್ಲುವ ಮಾತು; ಉದ್ದೇಶಪೂರ್ವಕವಾಗಿ, ಬುದ್ಧಿಪೂರ್ವಕವಾಗಿ ಎಂಬವು ತಿಳಿದು ಮಾಡಿದ ತಪ್ಪಿಗೂ ಸಲ್ಲುತ್ತವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಪತ್ರವು ನಗೆಗೀಡಾಗುತ್ತದೆ. ತಕರಾರು ಎದ್ದರೆ ಅಪಾರ್ಥಕ್ಕೂ ಈಡಾಗುತ್ತದೆ.

ಪೇಟೆಯ ಸಮಾನಪದಗಳು

ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೀಗಾಗಿ ಈ ಭಾಗದ ವ್ಯಾಪಾರದ ಕನ್ನಡದಲ್ಲಿ ಸಂಸ್ಕೃತದ ಪದಗಳ ಜೊತೆಗೆ ಮರಾಠಿ, ಪಾರಸಿ, ಅರಬ್ಬಿ ಮೂಲದ ಪದಗಳೂ ಬೆರೆತಿವೆ. ಖಾತ್ರಿ, ಖರೇ, ಇಮಾನು, ನಿಯತ್ತು, ಕಬೂಲಿ, ರಾಜಿ, ಖುಷಿ ಇವೆಲ್ಲ ಕಿರ್ದಿ-ಖತಾವಣಿಗಳೊಡನೆ ಬೆಳೆದ ಮಾತುಗಳು.

ಇವುಗಳ ಅರ್ಥದಲ್ಲಿ ಸೂಕ್ಷ್ಮ ಭೇದಗಳಿವೆ. ‘ನಿಯತ್ತು’ ಎಂಬುದು ಅರಬ್ಬಿಯಲ್ಲಿ ಸಂಕಲ್ಪ ಎಂಬ ಅರ್ಥದ ಪದ. ‘ನಿಯತ್ತಿನಿಂದ ನಡೆದುಕೊಂಡ’ ಎಂದರೆ ಒಳಗೊಂದು ಹೊರಗೊಂದು ಇಲ್ಲದೆ ನಡೆದ ಎಂದರ್ಥ. ‘ಖಾತ್ರಿ’ ಎಂದರೆ ಭರವಸೆ. ಇಲ್ಲಿ ಹೇಳುವವನ ಮನಸ್ಸಿಗಿಂತ ಕೇಳುವವನಿಗೆ ದೊರೆಯುವ ನೆಚ್ಚಿಕೆ ಮುಖ್ಯ. ‘ಪ್ರಾಮಾಣಿಕವಾಗಿ’ ಎಂಬ ಪದದ ಒಳಗಿರುವುದು ‘ಪ್ರಮಾಣ’. ಪ್ರಮಾಣವೆಂದರೆ ಅಳತೆ, ಪ್ರಮಾಣವೆಂದರೆ ಸಾಕ್ಷ್ಯ, ಪ್ರಮಾಣವೆಂದರೆ ಆಣೆಯೂ ಹೌದು. ಅಳೆದು ನೋಡಿದರೆ ಸರಿಯಾಗಿ ನಿಲ್ಲುವುದೇ ಪ್ರಾಮಾಣಿಕತೆ. ಮನಃಪೂರ್ವಕತೆಯನ್ನು ತಕ್ಕಡಿಗೆ ಹಾಕಲಾಗದು. ಪ್ರಾಮಾಣಿಕತೆಯನ್ನು ತೂಕ, ಲೆಕ್ಕ, ದಾಖಲೆಗಳಿಂದ ಪರೀಕ್ಷಿಸಬಹುದು. ಆದುದರಿಂದ ವ್ಯಾಪಾರ ಪತ್ರದಲ್ಲಿ ಎರಡನೆಯ ಪದಕ್ಕೆ ಹೆಚ್ಚಿನ ಹೊಣೆ ಅಂಟಿಕೊಂಡಿದೆ.

‘ರಾಜೀಖುಷಿಯಿಂದ’ ಎಂಬ ಬರಹ

ಈ ಭಾಗದ ಹಳೆಯ ಖರೀದಿ ಪತ್ರ, ಗಹಾಣ ಪತ್ರ, ವಾಟಣಿ ಪತ್ರಗಳಲ್ಲಿ ‘ರಾಜೀಖುಷಿಯಿಂದ’, ‘ಸ್ವಸಂತೋಷದಿಂದ’, ‘ಯಾರ ಒತ್ತಾಯವೂ ಇಲ್ಲದೆ’ ಎಂಬ ಮಾತುಗಳು ತಪ್ಪದೆ ಕಾಣುತ್ತವೆ. ಇದನ್ನು ಬರಹಗಾರರ ಅಲಂಕಾರವೆಂದು ತಿಳಿಯಬಾರದು. 1872ರ ಭಾರತೀಯ ಕರಾರು ಅಧಿನಿಯಮದ 13ನೆಯ ಪ್ರಕರಣದಂತೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪುವುದೇ ಸಮ್ಮತಿ. 14ನೆಯ ಪ್ರಕರಣದಂತೆ ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ ಅಥವಾ ತಪ್ಪು ಗ್ರಹಿಕೆ ಇವುಗಳಿಂದ ಪಡೆದುದಲ್ಲದ ಸಮ್ಮತಿಯೇ ಮುಕ್ತ ಸಮ್ಮತಿ. ಹಳೆಯ ಪತ್ರಗಳ ‘ರಾಜೀಖುಷಿ’ಯು ಈ ಮುಕ್ತ ಸಮ್ಮತಿಯ ದೇಶೀಯ ರೂಪ.

ಆದರೆ ಪತ್ರದಲ್ಲಿ ಆ ಪದವಿದ್ದ ಮಾತ್ರಕ್ಕೆ ಸಮ್ಮತಿಯು ಮುಕ್ತವಾಯಿತೆಂದು ಸಿದ್ಧವಾಗುವುದಿಲ್ಲ. ಹೆದರಿಸಿ ಸಹಿ ಮಾಡಿಸಿದ ಪತ್ರದಲ್ಲಿಯೂ ‘ಸ್ವಸಂತೋಷದಿಂದ’ ಎಂದೇ ಬರೆದಿರುತ್ತದೆ. ಅಂತೆಯೇ, ನಿಜವಾಗಿ ಒಪ್ಪಿ ಸಹಿ ಮಾಡಿದವನು ‘ಮನಃಪೂರ್ವಕವಾಗಿ’ ಎಂಬ ಪದವನ್ನು ಬರೆದಿಲ್ಲವೆಂಬ ಕಾರಣದಿಂದ ತಪ್ಪಿಸಿಕೊಳ್ಳಲಾರನು. ಕಾನೂನು ನೋಡುವುದು ನಡೆದ ಸಂಗತಿಯನ್ನು. ಪದವು ಆ ಸಂಗತಿಗೆ ಸೂಚನೆ ಮಾತ್ರ.

ಸಂಚಕಾರ: ಮಾತನ್ನು ನಿಜ ಮಾಡುವ ಹಣ

ಮನಸ್ಸಿನ ಮಾತನ್ನು ನಂಬಿಸುವುದು ಹೇಗೆ ಎಂಬ ಪ್ರಶ್ನೆಗೆ ವ್ಯಾಪಾರಸ್ಥರು ಬಹು ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರು. ಅದೇ ಸಂಚಕಾರ. ಜಮೀನು, ಪ್ಲಾಟು, ಯಂತ್ರ ಅಥವಾ ದೊಡ್ಡ ಪ್ರಮಾಣದ ಮಾಲಿನ ವ್ಯವಹಾರ ಕುದುರಿದಾಗ ಕೊಳ್ಳುವವನು ಕೊಡುವ ನೆಚ್ಚಿಕೆಯ ಹಣಕ್ಕೆ ಉತ್ತರ ಕರ್ನಾಟಕದಲ್ಲಿ ಸಂಚಕಾರ ಎನ್ನುತ್ತಾರೆ. ಅದರ ಬರಹಕ್ಕೆ ಸಂಚಕಾರ ಪತ್ರ ಎನ್ನುತ್ತಾರೆ. ಮರಾಠಿಯ ಪ್ರಭಾವವುಳ್ಳ ಊರುಗಳಲ್ಲಿ ಇಸಾರ ಎಂಬ ಮಾತೂ ಇದೆ.

ಸಂಚಕಾರ ಎಂಬುದು ಸಂಸ್ಕೃತದ ‘ಸತ್ಯಂಕಾರ’ದ ತದ್ಭವ. ಸತ್ಯಂಕಾರವೆಂದರೆ ಸತ್ಯವನ್ನಾಗಿ ಮಾಡುವುದು. ಈ ಪದದ ಸಿದ್ಧಿಗೆ ಪಾಣಿನಿಯ ವ್ಯಾಕರಣದಲ್ಲಿ ಸೂತ್ರವೇ ಇದೆ; ಅಮರಕೋಶದಲ್ಲಿ ಇದು ವೈಶ್ಯವರ್ಗದಲ್ಲಿ, ಕೊಡುಕೊಳ್ಳುವಿಕೆಯ ಪದಗಳ ನಡುವೆ ಬರುತ್ತದೆ. ಇಂಗ್ಲಿಷಿನಲ್ಲಿ ಇದೇ ಹಣಕ್ಕೆ ‘ಅರ್ನೆಸ್ಟ್ ಮನಿ’ ಎಂದು ಹೆಸರು. ಅಲ್ಲಿಯ ‘ಅರ್ನೆಸ್ಟ್’ ಎಂಬುದು ಮನಃಪೂರ್ವಕ ಎಂಬ ಅರ್ಥದ ಪದವೆಂದೇ ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಸೆಮಿಟಿಕ್ ಮೂಲದಿಂದ ಗ್ರೀಕ್, ಲ್ಯಾಟಿನ್, ಫ್ರೆಂಚ್ ಭಾಷೆಗಳ ಮೂಲಕ ಬಂದ ಒತ್ತೆಹಣದ ಪದ. ಕಾಲಕ್ರಮದಲ್ಲಿ ಅದರ ಕಾಗುಣಿತವು ಮನಃಪೂರ್ವಕತೆಯ ಪದದೊಡನೆ ಬೆರೆತುಹೋಯಿತು. ಕನ್ನಡದ ಪದಕ್ಕೆ ಅಂತಹ ಬೆರಕೆಯ ಅಗತ್ಯ ಬೀಳಲಿಲ್ಲ. ಅದರ ಹೊಟ್ಟೆಯಲ್ಲಿಯೇ ಸತ್ಯವಿದೆ.

ಇಂದಿನ ಪತ್ರಿಕೆಗಳ ಕನ್ನಡದಲ್ಲಿ ‘ಪ್ರಾಣಕ್ಕೆ ಸಂಚಕಾರ’ ಎಂಬಂತೆ ಈ ಪದವು ಆಪತ್ತು ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿದೆ. ಆದುದರಿಂದ ದಕ್ಷಿಣದ ಜಿಲ್ಲೆಗಳ ಗಿರಾಕಿಗಳಿಗೆ ಪತ್ರ ಬರೆಯುವಾಗ ‘ಸಂಚಕಾರ (ವ್ಯವಹಾರದ ಖಾತ್ರಿಗಾಗಿ ಕೊಟ್ಟ ಹಣ)’ ಎಂದು ಬಿಡಿಸಿ ಬರೆಯುವುದು ಉಚಿತ.

ಸಂಚಕಾರವೋ, ಮುಂಗಡವೋ?

ಹೆಸರಿನ ಈ ಪ್ರಶ್ನೆ ಕೇವಲ ಭಾಷೆಯದಲ್ಲ, ಹಣದ್ದೂ ಹೌದು. ಶ್ರೀ ಹನುಮಾನ್ ಕಾಟನ್ ಮಿಲ್ಸ್ ಮತ್ತು ಟಾಟಾ ಏರ್‌ಕ್ರಾಫ್ಟ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ಸಂಚಕಾರದ ಲಕ್ಷಣಗಳನ್ನು ಸ್ಪಷ್ಟಪಡಿಸಿತು. ಕರಾರು ಕುದುರಿದ ಸಮಯದಲ್ಲಿ ಅದು ಕೊಟ್ಟ ಹಣವಾಗಿರಬೇಕು. ಕರಾರು ನೆರವೇರುವುದೆಂಬುದಕ್ಕೆ ಖಾತ್ರಿಯಾಗಿರಬೇಕು. ವ್ಯವಹಾರ ಮುಗಿದರೆ ಅದು ಬೆಲೆಯ ಭಾಗವಾಗುತ್ತದೆ. ಕೊಳ್ಳುವವನ ತಪ್ಪಿನಿಂದ ವ್ಯವಹಾರ ಮುರಿದರೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಮಾರುವವನು ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಆ ಪ್ರಕರಣದಲ್ಲಿ 10 ಲಕ್ಷ ರೂಪಾಯಿಯ ವ್ಯವಹಾರಕ್ಕೆ ಕೊಟ್ಟಿದ್ದ ಎರಡೂವರೆ ಲಕ್ಷ ರೂಪಾಯಿ ಕೊಳ್ಳುವವರ ಕೈಬಿಟ್ಟುಹೋಯಿತು.

ಇದಕ್ಕೆ ಮೊದಲು, 1963ರ ಫತೇಚಂದ್ ಪ್ರಕರಣದಲ್ಲಿ ಸ್ಥಿತಿ ಬೇರೆಯಾಗಿತ್ತು. ಅಲ್ಲಿ 1,12,500 ರೂಪಾಯಿ ಬೆಲೆಯ ಆಸ್ತಿಗಾಗಿ 1,000 ರೂಪಾಯಿ ಸಂಚಕಾರವಾಗಿಯೂ 24,000 ರೂಪಾಯಿ ಬೆಲೆಯ ಭಾಗವಾಗಿಯೂ ಸಂದಿತ್ತು. ವ್ಯವಹಾರ ಮುರಿದಾಗ 25,000 ರೂಪಾಯಿಯನ್ನೂ ಇಟ್ಟುಕೊಳ್ಳುವ ಷರತ್ತು ಪತ್ರದಲ್ಲಿತ್ತು. ನ್ಯಾಯಾಲಯವು ಸಂಚಕಾರದ 1,000 ರೂಪಾಯಿಯನ್ನು ಇಟ್ಟುಕೊಳ್ಳಲು ಅವಕಾಶ ಕೊಟ್ಟು, ಉಳಿದ 24,000 ರೂಪಾಯಿಗೆ ಸಂಬಂಧಿಸಿದ ಷರತ್ತನ್ನು ದಂಡರೂಪದ್ದೆಂದು ಪರಿಗಣಿಸಿತು. ಇಂತಹ ಷರತ್ತಿಗೆ ಕರಾರು ಅಧಿನಿಯಮದ 74ನೆಯ ಪ್ರಕರಣ ಅನ್ವಯಿಸುತ್ತದೆ. ನ್ಯಾಯಯುತ ಪರಿಹಾರಕ್ಕಿಂತ ಹೆಚ್ಚು ದೊರೆಯದು.

ಆದುದರಿಂದ ಹಣ ಕೊಡುವವರೂ ಪಡೆಯುವವರೂ ಪಾವತಿಯಲ್ಲಿ ಎಷ್ಟು ಹಣ ಸಂಚಕಾರ, ಎಷ್ಟು ಹಣ ಬೆಲೆಯ ಮುಂಗಡ ಎಂಬುದನ್ನು ಬೇರೆ ಬೇರೆಯಾಗಿ ಬರೆಯತಕ್ಕದ್ದು. ‘ಮನಃಪೂರ್ವಕವಾಗಿ 50,000 ರೂಪಾಯಿ ಕೊಡಲಾಗಿದೆ’ ಎಂಬ ಬರಹವು ಇಬ್ಬರಿಗೂ ಉಪಯೋಗಕ್ಕೆ ಬಾರದು.

‘ಸದ್ಭಾವನೆಯಿಂದ’: ಕಾನೂನಿನ ಎರಡು ಅಳತೆ

ಕನ್ನಡದ ಕಾಯಿದೆಗಳಲ್ಲಿ ಮನಃಪೂರ್ವಕತೆಯ ಸ್ಥಾನದಲ್ಲಿ ಕಾಣುವ ಪದ ‘ಸದ್ಭಾವನೆ’. ಇದಕ್ಕೆ ಕಾನೂನು ಎರಡು ಅಳತೆಗಳನ್ನು ಇಟ್ಟಿದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದಂತೆ, ಅಲಕ್ಷ್ಯದಿಂದ ಮಾಡಿದುದಾದರೂ ಸರಿಯೇ, ವಾಸ್ತವದಲ್ಲಿ ಪ್ರಾಮಾಣಿಕವಾಗಿ ಮಾಡಿದ ಕೆಲಸವು ಸದ್ಭಾವನೆಯಿಂದ ಮಾಡಿದುದೇ. ಆದರೆ 1860ರ ಭಾರತೀಯ ದಂಡ ಸಂಹಿತೆಯಂತೆ, ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ ಅಥವಾ ನಂಬಿದ ಯಾವುದೂ ಸದ್ಭಾವನೆಯದಲ್ಲ. 2024ರ ಜುಲೈ 1ರಿಂದ ದಂಡ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದೇ ಎರಡನೆಯ ಅಳತೆಯನ್ನು ಉಳಿಸಿಕೊಂಡಿದೆ.

ಉದಾಹರಣೆಗೆ, ರೈತನ ಒಪ್ಪಿಗೆಯಿಂದ ಅವನ ಹತ್ತಿಯನ್ನು ತನ್ನ ವಶದಲ್ಲಿ ಇಟ್ಟುಕೊಂಡ ಅಡತಿ ವ್ಯಾಪಾರಸ್ಥನು ರೂಢಿಯಂತೆ ಅದನ್ನು ಗಿರಣಿಯವರಿಗೆ ಮಾರಿದನೆನ್ನೋಣ. ಮಾರುವ ಅಧಿಕಾರ ಅವನಿಗಿರಲಿಲ್ಲವೆಂದು ನಂತರ ತಕರಾರು ಬಂದರೂ, ಸದ್ಭಾವನೆಯಿಂದ, ಆ ಕೊರತೆಯ ಅರಿವಿಲ್ಲದೆ ಕೊಂಡ ಗಿರಣಿಯವರಿಗೆ 1930ರ ಸರಕು ಮಾರಾಟ ಅಧಿನಿಯಮದ 27ನೆಯ ಪ್ರಕರಣವು ರಕ್ಷಣೆ ಕೊಡುತ್ತದೆ. ಇದೇ ಗಿರಣಿಯವರು ರಾತ್ರಿ ವೇಳೆ, ಬಿಲ್ಲಿಲ್ಲದೆ, ಪೇಟೆಯ ಧಾರಣೆಗಿಂತ ಬಹಳ ಕಡಿಮೆಗೆ ಅಪರಿಚಿತನಿಂದ ಮಾಲು ಕೊಂಡರೆ ‘ಮನಃಪೂರ್ವಕವಾಗಿ ನಂಬಿದ್ದೆವು’ ಎಂಬ ಉತ್ತರ ಸಾಲದು. ದಂಡ ಕಾನೂನು ಆಗ ವಿಚಾರಿಸುವುದು, ನಂಬುವ ಮೊದಲು ಏನು ಪರೀಕ್ಷಿಸಿದಿರಿ ಎಂದು.

ಕ್ರಿಯಾವಿಶೇಷಣವು ತಾರೀಖಲ್ಲ

ಕರಾರು ಅಧಿನಿಯಮದ 29ನೆಯ ಪ್ರಕರಣದಂತೆ ಅರ್ಥ ನಿಶ್ಚಿತವಲ್ಲದ, ನಿಶ್ಚಿತಗೊಳಿಸಲೂ ಆಗದ ಒಪ್ಪಂದಗಳು ಶೂನ್ಯ. ಯಾವ ಎಣ್ಣೆ ಎಂದು ಹೇಳದೆ ‘ನೂರು ಟನ್ ಎಣ್ಣೆ’ ಮಾರಲು ಒಪ್ಪಿದರೆ ಅದು ಅನಿಶ್ಚಿತವೆಂದು ಅಧಿನಿಯಮವೇ ದೃಷ್ಟಾಂತ ಕೊಡುತ್ತದೆ. ಆದರೆ ಮಾರುವವನು ಕೊಬ್ಬರಿ ಎಣ್ಣೆಯನ್ನಷ್ಟೇ ಮಾರುವ ವ್ಯಾಪಾರಿಯಾಗಿದ್ದರೆ ಅವನ ವ್ಯಾಪಾರದಿಂದಲೇ ಅರ್ಥ ಸ್ಪಷ್ಟವಾಗುತ್ತದೆ ಎಂದೂ ಹೇಳುತ್ತದೆ. ‘ಮನಃಪೂರ್ವಕವಾಗಿ ಮಾಲು ಪೂರೈಸುತ್ತೇವೆ’ ಎಂಬಲ್ಲಿ ಮಾಲಿನ ತರಗತಿ, ತೂಕ, ದರ, ದಿನಾಂಕ ಯಾವುದೂ ಇಲ್ಲ. ಪದವು ಎಷ್ಟೇ ಸುಂದರವಾದರೂ ಈ ಕೊರತೆಯನ್ನು ತುಂಬಲಾರದು.

ಹಣ ಪಾವತಿಯ ವಿಷಯದಲ್ಲಿ ಸಣ್ಣ ಉತ್ಪಾದಕರು ಗಮನಿಸಬೇಕಾದುದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಅಧಿನಿಯಮ. ಅದರ 15ನೆಯ ಪ್ರಕರಣದಂತೆ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು ಇಲ್ಲವೆ ಸೇವೆ ಪಡೆದವರು ಲಿಖಿತವಾಗಿ ಒಪ್ಪಿದ ದಿನಾಂಕದೊಳಗೆ ಹಣ ಕೊಡಬೇಕು. ಆ ಅವಧಿಯು ಸರಕನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳು. ತಪ್ಪಿದರೆ 16ನೆಯ ಪ್ರಕರಣದಂತೆ ರಿಸರ್ವ್ ಬ್ಯಾಂಕು ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಕೂಡಿಸುವ ಚಕ್ರಬಡ್ಡಿ ಸಲ್ಲುತ್ತದೆ. ರಾಮದುರ್ಗದ ನೇಯ್ಗೆಯವರಾಗಲಿ, ಬೈಲಹೊಂಗಲದ ಬಿಡಿಭಾಗ ತಯಾರಕರಾಗಲಿ ಉದ್ಯಮ ನೋಂದಣಿ ಮಾಡಿಸಿಕೊಂಡು, ದಿನಾಂಕವುಳ್ಳ ಬಿಲ್ಲು ಹಾಗೂ ಸ್ವೀಕೃತಿಯನ್ನು ಇಟ್ಟುಕೊಂಡಿದ್ದರೆ ಈ ಹಕ್ಕು ಅವರದು. ‘ಆದಷ್ಟು ಬೇಗ ಮನಃಪೂರ್ವಕವಾಗಿ ಕೊಡುತ್ತೇವೆ’ ಎಂಬ ಪತ್ರವನ್ನು ನಂಬಿ ದಿನಾಂಕ ಬರೆಸಿಕೊಳ್ಳದೆ ಇರುವುದು ಸರಿಯಲ್ಲ. ಕೇವಲ ಕೊಂಡು ಮಾರುವ ವರ್ತಕರಿಗೆ 2021ರಿಂದ ಉದ್ಯಮ ನೋಂದಣಿಯ ಅವಕಾಶವಿದ್ದರೂ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಸೀಮಿತವೆಂಬುದನ್ನೂ ನೆನಪಿಡಬೇಕು.

ಸೌಜನ್ಯದ ಸಾಲಿನಿಂದ ಬದುಕುವ ಬಾಕಿ

ಇಷ್ಟು ಹೇಳಿದ ಮೇಲೆ ಈ ಪದವಿರುವ ವಾಕ್ಯಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ತಿಳಿಯಬಾರದು. ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. 1963ರ ಕಾಲಮಿತಿ ಅಧಿನಿಯಮದ 18ನೆಯ ಪ್ರಕರಣದಂತೆ, ಆ ಅವಧಿ ಮುಗಿಯುವ ಮೊದಲು ಸಾಲಗಾರನು ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿ ಮಾಡಿದ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ. ‘ತಮ್ಮ ಬಾಕಿ ನಮ್ಮ ಲಕ್ಷ್ಯದಲ್ಲಿದೆ, ಮನಃಪೂರ್ವಕವಾಗಿ ತೀರಿಸುತ್ತೇವೆ’ ಎಂಬ ಎರಡು ಸಾಲಿನ ಪತ್ರ ಇದಕ್ಕೆ ಸಾಕಾಗಬಹುದು.

ಅವಧಿ ಮುಗಿದ ಮೇಲೂ ಎಚ್ಚರ ಬೇಕು. ಕರಾರು ಅಧಿನಿಯಮದ 25ನೆಯ ಪ್ರಕರಣದ ಮೂರನೆಯ ಉಪಬಂಧದಂತೆ ಕಾಲಮಿತಿ ಮೀರಿದ ಸಾಲವನ್ನು ಕೊಡುವುದಾಗಿ ಬರೆದು ಸಹಿ ಮಾಡಿದ ವಾಗ್ದಾನವು ಕರಾರಾಗಿ ನಿಲ್ಲುತ್ತದೆ. ಇಲ್ಲಿ ಬೆಲೆ ಬರುವುದು ‘ಮನಃಪೂರ್ವಕವಾಗಿ’ ಎಂಬ ಪದಕ್ಕಲ್ಲ. ಅದರ ಮುಂದಿನ ‘ತೀರಿಸುತ್ತೇವೆ’ ಎಂಬ ಕ್ರಿಯಾಪದಕ್ಕೆ. ಹಳೆಯ ಬಾಕಿಯ ವಸೂಲಿಗೆ ಹೋದವರು ಈ ಒಂದು ಸಾಲಿನ ಪತ್ರವನ್ನು ಸಹಿ ಸಹಿತ ಪಡೆಯುವುದು ಜಾಣತನ. ಲೆಕ್ಕದಲ್ಲಿ ತಕರಾರು ಇರುವವರು ಕೇವಲ ಸೌಜನ್ಯಕ್ಕಾಗಿ ಅಂತಹ ಸಾಲನ್ನು ಬರೆದುಕೊಡಬಾರದು. ‘ಲೆಕ್ಕ ತಾಳೆ ನೋಡಿದ ನಂತರ ಉತ್ತರಿಸುತ್ತೇವೆ’ ಎಂಬುದಷ್ಟೇ ಸಾಕು.

ಬಳಕೆಗೆ ಕೆಲವು ಸೂಚನೆಗಳು

1. ಅಭಿನಂದನೆ, ಸ್ವಾಗತ, ಕೃತಜ್ಞತೆಗಳಲ್ಲಿ ‘ಮನಃಪೂರ್ವಕ’ ಎಂಬ ಪದವನ್ನು ಧಾರಾಳವಾಗಿ ಬಳಸಬಹುದು. ನಾಮಪದದ ಮುಂದೆ ‘ಮನಃಪೂರ್ವಕ ಅಭಿನಂದನೆಗಳು’ ಎಂದೂ ಕ್ರಿಯಾಪದದ ಮುಂದೆ ‘ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ’ ಎಂದೂ ಬರೆಯಬೇಕು.

2. ದರ, ತೂಕ, ದಿನಾಂಕಗಳಿರುವ ವಾಕ್ಯದಲ್ಲಿ ಈ ಪದದ ಅಗತ್ಯವಿಲ್ಲ. ಇದ್ದರೆ ಬಾಧಕವಿಲ್ಲ, ಆದರೆ ದಿನಾಂಕದ ಬದಲಿಗೆ ಇದು ಬರಕೂಡದು.

3. ‘ಪ್ರಯತ್ನಿಸುತ್ತೇವೆ’ ಎಂಬುದಕ್ಕೂ ‘ಪೂರೈಸುತ್ತೇವೆ’ ಎಂಬುದಕ್ಕೂ ಅಂತರವಿದೆ. ಗಿರಾಕಿಯಿಂದ ಮೊದಲನೆಯ ಮಾತು ಬಂದಾಗ ಎರಡನೆಯದೆಂದು ಓದಿಕೊಳ್ಳಬಾರದು.

4. ಕೊಟ್ಟ ಹಣದ ಪಾವತಿಯಲ್ಲಿ ಸಂಚಕಾರ, ಮುಂಗಡ, ಠೇವಣಿ ಎಂಬ ಹೆಸರುಗಳನ್ನು ಅರ್ಥವರಿತು ಬಳಸಬೇಕು. ದೊಡ್ಡ ಮೊತ್ತವಿದ್ದಲ್ಲಿ ಸಹಿಗೆ ಮೊದಲು ವಕೀಲರ ಸಲಹೆ ಪಡೆಯುವುದು ಅವಶ್ಯ.

5. ಬಾಕಿಗೆ ಸಂಬಂಧಿಸಿದ ಯಾವ ಪತ್ರವನ್ನೂ ಲೆಕ್ಕ ನೋಡದೆ ಸಹಿ ಮಾಡಬಾರದು. ಬಂದ ಪತ್ರಗಳನ್ನು ದಿನಾಂಕವಾರು ಕಡತದಲ್ಲಿ ಇಡಬೇಕು.

ಐಹೊಳೆಯ ಐನೂರ್ವರೆಂಬ ವರ್ತಕ ಸಂಘದವರು ತಮ್ಮ ಶಾಸನಗಳ ಪ್ರಶಸ್ತಿಗಳಲ್ಲಿ ಸತ್ಯವನ್ನೂ ಶುಚಿತ್ವವನ್ನೂ ತಮ್ಮ ಗುಣಗಳೆಂದು ಹೇಳಿಕೊಂಡಿದ್ದಾರೆ. ಅವರು ಆ ಮಾತನ್ನು ಕಲ್ಲಿನ ಮೇಲೆ, ಎಲ್ಲರೂ ಕಾಣುವಂತೆ ಕೆತ್ತಿಸಿದರು. ಅದಕ್ಕೆ ವಿರುದ್ಧವಾಗಿ ನಡೆದರೆ ನೋಡಿದವರು ಕೇಳಬಹುದಾಗಿತ್ತು. ಇಂದಿನ ವ್ಯಾಪಾರಸ್ಥರ ಪತ್ರವೂ ಹಾಗೆಯೇ ಇರತಕ್ಕದ್ದು. ‘ಮನಃಪೂರ್ವಕವಾಗಿ’ ಎಂದು ಬರೆದವರು ಅದೇ ಸಾಲಿನಲ್ಲಿ ತಾರೀಖನ್ನೂ ಮೊತ್ತವನ್ನೂ ಬರೆದರೆ, ಓದಿದವರಿಗೆ ಆ ಪದವನ್ನು ನಂಬಲು ಕಾರಣ ಸಿಗುತ್ತದೆ.